ಆಂಕರೇಜ್‌ನ ಹಳೇ ದಕ್ಕೆ

ಅಮೆರಿಕದ ಅಲಾಸ್ಕಾ ರಾಜ್ಯದ ಊರು ಆಂಕರೇಜ್‌ನ ಯಾವ ಅಂಗಡಿಗೆ ಬೇಕಾದರೂ ಹೋಗಿ. ಅಕ್ಕಿ, ಸೋಪು, ಪೇಂಟು, ಸೋಫಾ, ಹೆಚ್ಚಿನದೆಲ್ಲ ಹಡಗು ನಿಲ್ಲುವ ಒಂದೇ ದಕ್ಕೆಯಲ್ಲಿ ಇಳಿದು ಬಂದದ್ದು. ಅಲಾಸ್ಕಾಕ್ಕೆ ಹೊರಗಿನಿಂದ ಬರುವ ಸರಕಿನಲ್ಲಿ ಸುಮಾರು ಅರ್ಧಪಾಲು ಈ ಬಂದರಿನಿಂದಲೇ ಒಳಗೆ ಹೋಗುತ್ತದೆ. ದಕ್ಕೆ ಶುರುವಾದದ್ದು 1961ರಲ್ಲಿ. ಅದನ್ನು ಹೊತ್ತು ನಿಂತ ಉಕ್ಕಿನ ಕಂಬಗಳು ಈಗ ತುಕ್ಕು ಹಿಡಿದಿವೆ. ಕೆಲವು ಕಡೆ ಕಂಬದ ದಪ್ಪದಲ್ಲಿ ಮುಕ್ಕಾಲು ಪಾಲು ಸವೆದೇ ಹೋಗಿದೆ.

ಸಿಯಾಟಲ್‌ನ ತಮ್ಮನ ಮನೆಯವರ ಜೊತೆ ಆಗಸ್ಟ್‌ನಲ್ಲಿ ಅಲಾಸ್ಕಾಕ್ಕೆ ಹೊರಟಾಗ ಪಟ್ಟಿಯಲ್ಲಿ ಹಿಮನದಿ, ಕರಡಿ, ರೈಲು ಇದ್ದವು. ಬಂದರನ್ನು ಸೇರಿಸಿದವನು ನಾನು. "ಭಾವ, ಇಷ್ಟು ದೂರ ಬಂದು ಕಂಟೇನರ್ ನೋಡ್ತೀರಾ?" ಅಂತ ತಮ್ಮನ ಹೆಂಡತಿ ನಕ್ಕಳು. ಮಂಗಳೂರಿನಲ್ಲಿ ಬೆಳೆದವನಿಗೆ ದಕ್ಕೆ ಇದೆ ಅಂದರೆ ಕಾಲು ಆ ಕಡೆಗೇ ಎಳೆಯುತ್ತದೆ, ಏನು ಮಾಡುವುದು?

ಪೇಟೆಯಿಂದ ಇಳಿದರೆ ಶಿಪ್ ಕ್ರೀಕ್ ಹೊಳೆ. 1915ರಲ್ಲಿ ರೈಲು ಕೆಲಸದವರು ಇಲ್ಲೇ ಡೇರೆ ಹಾಕಿದ್ದರು, ಊರು ಹುಟ್ಟಿದ್ದೇ ಹಾಗೆ. ಈಗ ಅಲ್ಲಿ ಮೊಣಕಾಲು ಮೀರಿದ ಬೂಟು ಹಾಕಿಕೊಂಡು ಜನ ಸಾಲಾಗಿ ನಿಂತು ಸಾಲ್ಮನ್‌ಗೆ ಗಾಳ ಹಾಕುತ್ತಾರೆ. ಹೊಳೆ ಸಮುದ್ರ ಸೇರುವಲ್ಲಿ ದೋಣಿ ಇಳಿಸುವ ಜಾಗವಿದೆ. ಅಲ್ಲಿಂದ ಬಂದರಿನ ಕ್ರೇನ್‌ಗಳು ಚೆನ್ನಾಗಿ ಕಾಣುತ್ತವೆ. ಒಳಗೆ ಮಾತ್ರ ಪಾಸ್ ಇಲ್ಲದವರನ್ನು ಬಿಡುವುದಿಲ್ಲ.

ನಾವು ಹೋದಾಗ ನೀರು ಇಳಿದಿತ್ತು. ಎದುರಿಗೆ ಬರೀ ಬೂದು ಬಣ್ಣದ ಕೆಸರು. ಹಿಮನದಿಗಳು ಬಂಡೆ ಅರೆದು ತಂದು ಹಾಕಿದ ನುಣುಪು ಹೂಳು ಅದು. ಅದರ ಮೇಲೆ ನಡೆಯಬೇಡಿ ಅಂತ ಎಚ್ಚರಿಕೆ ಇದೆ. ಕಾಲು ಹೂತರೆ ಬಿಡಿಸಿಕೊಳ್ಳುವುದು ಕಷ್ಟ, ಅಷ್ಟರಲ್ಲಿ ಉಬ್ಬರ ಬಂದೇಬಿಡುತ್ತದೆ. ಮಂಗಳೂರಿನಲ್ಲಿ ನೀರು ಏರಿ ಇಳಿಯುವುದು ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಇಲ್ಲಿ ಒಂಬತ್ತು ಮೀಟರ್ ಮಾಮೂಲಿ! ಕಂಬದ ಅದೇ ಭಾಗ ದಿನಾ ಉಪ್ಪುನೀರಿನಲ್ಲಿ ಮುಳುಗಬೇಕು, ಗಾಳಿಗೆ ಒಡ್ಡಿಕೊಳ್ಳಬೇಕು. ಚಳಿಗಾಲದಲ್ಲಿ ಮಂಜುಗಡ್ಡೆ ಬೇರೆ ಬಂದು ಉಜ್ಜುತ್ತದೆ. ಉಕ್ಕು ಎಷ್ಟೂಂತ ತಡೆದೀತು? ನದಿ ಸಮುದ್ರ ಸೇರುವ ನಮ್ಮ ಅಳಿವೆಬಾಗಿಲಿನ ಹಾಗೆ ಇಲ್ಲಿಯೂ ಹೂಳಿನ ಕಾಟ ತಪ್ಪಿದ್ದಲ್ಲ. ಪ್ರತಿ ಬೇಸಿಗೆಯಲ್ಲೂ ಅಮೆರಿಕದ ಸೇನೆಯ ಎಂಜಿನಿಯರಿಂಗ್ ದಳ ಹೂಳೆತ್ತಿಸುತ್ತದೆ.

ತುಕ್ಕು ಹಿಡಿದ ಕಂಬಗಳಿಗೆ ಉಕ್ಕಿನ ಕವಚ ತೊಡಿಸುತ್ತಾ ಬಂದಿದ್ದಾರೆ. ಮುಳುಗುಗಾರರು ಏನೂ ಕಾಣದ ಆ ಕೆಸರುನೀರಿನಲ್ಲಿ ಇಳಿದು ಮಾಡುವ ಕೆಲಸ. ಕವಚದ ಆಯಸ್ಸು ಹತ್ತು ಹದಿನೈದು ವರ್ಷ. ಭೂಕಂಪ ತಡೆಯುವ ಬಲವೂ ಅದರಿಂದ ಬರುವುದಿಲ್ಲ. ಇಲ್ಲಿ ಭೂಕಂಪ ಅಂದರೆ ಸುಮ್ನೆ ಮಾತಲ್ಲ. 1964ರ 9.2 ತೀವ್ರತೆಯ ಕಂಪನಕ್ಕೆ ಸೆವಾರ್ಡ್, ವಾಲ್ಡೀಝ್, ವಿಟಿಯರ್ ಬಂದರುಗಳು ಹಾಳಾದವು. ಆಗ ಹೊಸತಾಗಿದ್ದ ಈ ದಕ್ಕೆ ಉಳಿಯಿತು. ವ್ಯಾಪಾರವೆಲ್ಲ ಇಲ್ಲಿಗೆ ಬಂದದ್ದು ಆಮೇಲೆ. 2018ರ ನವೆಂಬರ್‌ನಲ್ಲಿ 7.1ರದ್ದು ಬಂದಾಗಲೂ ನಿಂತಿತು, ಆದರೆ ಆಗ ಅದಕ್ಕೆ ಹಳೇ ಮೈ.

ಮುಚ್ಚಿ ಕಟ್ಟೋಣ ಅಂದರೆ ಆಗುವುದಿಲ್ಲ. ವಾಷಿಂಗ್ಟನ್ ರಾಜ್ಯದ ಟಕೋಮಾದಿಂದ ವಾರಕ್ಕೆರಡು ಸಲ, ಭಾನುವಾರ ಮತ್ತು ಮಂಗಳವಾರ, ಹಡಗು ಬರಲೇಬೇಕು. ಇದು ಮನೆಯವರೆಲ್ಲ ಒಳಗೇ ಇರುವಾಗ ಮನೆ ಕೆಡವಿ ಕಟ್ಟುವಂಥ ಕೆಲಸ. ಅದಕ್ಕೇ ಹೊಸ ದಕ್ಕೆಗಳನ್ನು ಹಳೆಯದಕ್ಕಿಂತ ಸುಮಾರು 140 ಅಡಿ ಸಮುದ್ರದ ಕಡೆಗೆ ಕಟ್ಟುವ ಯೋಜನೆ. ಮೊದಲು ಕಟ್ಟಿದ್ದು ತೈಲ ಮತ್ತು ಸಿಮೆಂಟಿನ ದಕ್ಕೆ, 2022ರಲ್ಲಿ ಮುಗಿಯಿತು. ಸಿಮೆಂಟ್ ಇಳಿಯುವ ಜಾಗವನ್ನೇ ಮೊದಲು ಭದ್ರ ಮಾಡಿಕೊಂಡದ್ದು ಜಾಣತನ, ಅಲ್ವಾ? ಹಡಗು ಕಟ್ಟಲು ಅಲ್ಲಿ ಹೂತ ಕಂಬಗಳ ಅಗಲ 12 ಅಡಿ. ಒಂದೊಂದರ ಒಳಗೆ ಕಾರು ನಿಲ್ಲಿಸುವ ಗಾತ್ರವಲ್ಲದಿದ್ದರೂ ಅದಕ್ಕೆ ಹತ್ತಿರ.

ಈ ಜಾಣತನ ಮೊದಲಿಂದಲೂ ಇರಲಿಲ್ಲ. 2003ರಲ್ಲಿ ಬಂದರನ್ನು ದೊಡ್ಡದು ಮಾಡಲು ಹೊರಟು, ನೆಲಕ್ಕೆ ಉಕ್ಕಿನ ಹಾಳೆ ಬಡಿದು ಗೋಡೆ ಮಾಡಿ, ಹಿಂದೆ ಮಣ್ಣು ತುಂಬಿದರು. ಬಡಿಯುವಾಗ ಹಾಳೆಗಳು ಬಾಗಿದವು, ಒಂದಕ್ಕೊಂದು ಸೇರಿದ್ದ ಅಂಚು ಬಿಟ್ಟುಕೊಂಡಿತು. 30 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾದ ಮೇಲೆ ಕೆಲಸ ನಿಂತಿತು, ಊರು ಕೋರ್ಟಿಗೆ ಹೋಯಿತು. ಆಗ ಕಟ್ಟಿದ್ದರಲ್ಲಿ ಒಂದಷ್ಟನ್ನು ಈಚೆಗೆ ಮತ್ತೆ ದುಡ್ಡು ಕೊಟ್ಟು ಕೀಳಿಸಬೇಕಾಯಿತು. ಇಂಥದ್ದು ನಮ್ಮಲ್ಲಿ ಮಾತ್ರ ಆಗುತ್ತದೆ ಅಂತ ನಂಬಿದವನಿಗೆ ಸ್ವಲ್ಪ ಸಮಾಧಾನವೇ ಆಯಿತು ಅನ್ನಿ.

ಕೆಲಸ ನಿಧಾನವಾಗಲು ಇನ್ನೊಂದು ಕಾರಣ ಬೆಲೂಗಾ. ಕುಕ್ ಇನ್‌ಲೆಟ್ ಅನ್ನುವ ಈ ಕೊಲ್ಲಿಯಲ್ಲೇ ಇರುವ ಬಿಳಿ ತಿಮಿಂಗಿಲಗಳು. 2022ರ ಅಂದಾಜಿನಲ್ಲಿ ಉಳಿದದ್ದು ಸುಮಾರು 331. ಕಂಬ ಬಡಿಯುವ ಸದ್ದು ನೀರಿನಲ್ಲಿ ಬಹಳ ದೂರ ಹೋಗುತ್ತದೆ. ಹಾಗಾಗಿ ಕಂಬದ ಸುತ್ತ ಗಾಳಿಗುಳ್ಳೆಗಳ ಪರದೆ ಎಬ್ಬಿಸುತ್ತಾರೆ, ದಡದಲ್ಲಿ ದುರ್ಬೀನು ಹಿಡಿದು ಕಾಯುವವರನ್ನು ನಿಲ್ಲಿಸುತ್ತಾರೆ. ತಿಮಿಂಗಿಲ ಹತ್ತಿರ ಬಂತೋ, ಬಡಿತ ಬಂದ್. ಕೆಲಸಕ್ಕೆ ಸಿಗುವುದೇ ಮಂಜುಗಡ್ಡೆ ಇಲ್ಲದ ಕೆಲವು ತಿಂಗಳು. ಸಾಲ್ಮನ್ ಬೆನ್ನಟ್ಟಿ ಬೆಲೂಗಾ ಬರುವುದೂ ಅದೇ ಆಗಸ್ಟ್ ಹೊತ್ತಿಗೆ. ಆದರೂ ಈ ನಿಯಮ ನನಗೆ ಸರಿ ಅನಿಸಿತು. ದಕ್ಕೆ ಒಂದೆರಡು ವರ್ಷ ತಡವಾದರೂ ಕಟ್ಟಬಹುದು.

ನಮಗೆ ಬೆಲೂಗಾ ಕಾಣಲಿಲ್ಲ, ಬಡಿತವೂ ಕೇಳಲಿಲ್ಲ. ಮೇಲೆ ಗವರ್ನ್‌ಮೆಂಟ್ ಹಿಲ್‌ಗೆ ಹತ್ತಿ ನೋಡಿದರೆ ಹಡಗಿನಿಂದ ಕಂಟೇನರ್ ಇಳಿಯುತ್ತಲೇ ಇತ್ತು. "ನಮ್ಮ ಹೋಟೆಲಿನ ಬೆಳಗಿನ ತಿಂಡಿ ಅದರಲ್ಲೇ ಇರಬೇಕು" ಅಂದ ತಮ್ಮ. ನಗುತ್ತಿದ್ದ ಅವನ ಹೆಂಡತಿಯೇ ಕಡೆಗೆ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ಹೋಗುವವರು ಭಾನುವಾರ ಅಥವಾ ಮಂಗಳವಾರ ನೋಡಿ ಹೋಗಿ, ಹಡಗು ಇರುತ್ತದೆ. ಉಬ್ಬರದ ವೇಳಾಪಟ್ಟಿ ನೋಡಿಕೊಂಡು ನೀರು ಪೂರ್ತಿ ಇಳಿದಾಗ ಒಮ್ಮೆ, ಏರಿದಾಗ ಒಮ್ಮೆ ಹೋಗಿ. ಕಂಬಗಳು ನೀರು ಇಳಿದಾಗಲೇ ಕಾಣುವುದು.