ತೋಟದ ಕಾಲುವೆ ನೀರಿಗೆ ಬೆಳಗುವ ಬ್ಯಾಕ್ಟೀರಿಯಾ ಪರೀಕ್ಷೆ

ಶಿರಸಿ ಕಡೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಕಾಲುವೆ ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ಅಳೆಯಬಹುದು. ಅದು ಜೀವಿಗಳಿಗೆ ಎಷ್ಟು ತಟ್ಟುತ್ತದೆ ಎಂದು ತಿಳಿಯಲು ಮಾತ್ರ ಒಂದು ಜೀವಿಯೇ ಬೇಕು. ಅಲಿವಿಬ್ರಿಯೊ ಫಿಶೆರಿ ಎಂಬ ಕಡಲಿನ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಅದರ ಸುಳಿವು ಕೊಡುತ್ತದೆ. ಅದು ಸೂಸುವ ನೀಲಿ-ಹಸಿರು ಬೆಳಕು ಅದರ ಉಸಿರಾಟಕ್ಕೆ ಅಂಟಿಕೊಂಡೇ ಇದೆ. ವಿಷ ತಗುಲಿದರೆ ಬೆಳಕು ಇಳಿಯುತ್ತದೆ.

ಆದರೆ ಇಳಿದ ಬೆಳಕೆಲ್ಲ ವಿಷದಿಂದಲೇ ಇಳಿದದ್ದಲ್ಲ. ತಪ್ಪು ಫಲಿತಾಂಶಕ್ಕೆ ಒಂದು ಕಾರಣ ಉಪ್ಪು. ಈ ಜೀವಿಗೆ 2% ಉಪ್ಪು ಬೇಕೇ ಬೇಕು. ಸಪ್ಪೆ ನೀರಿಗೆ ಬಿದ್ದರೆ ಕೋಶ ಉಬ್ಬಿ ಹಾಳಾಗುತ್ತದೆ. ಹಳ್ಳದ ನೀರಾದರೆ 10 ಮಿ.ಲೀ.ಗೆ 0.2 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ಹಾಕಿ. ಅಡುಗೆಯ ಅಯೋಡಿನ್ ಉಪ್ಪು ಬೇಡ. ಸದಾಶಿವಗಡದ ಬಳಿಯ ಕಾಳಿ ನದಿಯ ನೀರು ಬೇಸಿಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಸಪ್ಪೆ. ಆದ್ದರಿಂದ ಲವಣಾಂಶ ಅಳೆದು, ಕಡಿಮೆ ಬಿದ್ದಷ್ಟನ್ನೇ ಸೇರಿಸಿ.

ಮೈನಸ್ 20 ಡಿಗ್ರಿಯಲ್ಲಿಟ್ಟ ಒಣ ಬ್ಯಾಕ್ಟೀರಿಯಾವನ್ನು ತಣ್ಣನೆ ದ್ರಾವಣದಲ್ಲಿ ಕರಗಿಸಿ, 15 ಡಿಗ್ರಿಗೆ ಹೊಂದಿಕೊಳ್ಳಲು ಬಿಡಿ. ಈ ಬ್ಯಾಕ್ಟೀರಿಯಾ ದ್ರಾವಣದ 0.5 ಮಿ.ಲೀ.ಯ ಬೆಳಕನ್ನು ಬೆಳಕು ಅಳೆಯುವ ಯಂತ್ರದಲ್ಲಿ ಮೊದಲು ಅಳೆದುಕೊಂಡು, ಅಷ್ಟೇ ನೀರಿನ ಮಾದರಿ ಬೆರೆಸಿ. 5, 15, 30 ನಿಮಿಷಕ್ಕೆ ಮತ್ತೆ ಅಳೆಯಿರಿ. ಫೀನಾಲ್ 5 ನಿಮಿಷದಲ್ಲೇ ತೋರುತ್ತದೆ. ತಾಮ್ರ, ಸತು ನಿಧಾನ, 30 ನಿಮಿಷ ಕಾಯಲೇಬೇಕು. ಕಾರವಾರದ ಸೆಖೆಯಲ್ಲಿ ಟ್ಯೂಬನ್ನು ಮೇಜಿನ ಮೇಲೆ ಬಿಟ್ಟರೆ ಬೆಳಕು ತಾನಾಗಿಯೇ ಏರುಪೇರಾಗುತ್ತದೆ. ಟ್ಯೂಬುಗಳನ್ನು ತಂಪಾಗಿಡುವ ಬ್ಲಾಕ್ ಬಿಟ್ಟು ಕೆಲಸ ಮಾಡಬೇಡಿ.

ಬರೀ ಉಪ್ಪುನೀರು ಬೆರೆಸಿದ ಟ್ಯೂಬ್ ಜೊತೆಗಿರಲಿ. ಅದರ ಬೆಳಕು 1000ದಿಂದ 900ಕ್ಕೆ ಇಳಿದರೆ ಗುಣಕ 0.9. ಮಾದರಿಯ ಟ್ಯೂಬ್ 980ರಿಂದ ಶುರುವಾಗಿದ್ದರೆ 882 ಇರಬೇಕಿತ್ತು. 441 ಬಂದರೆ ಇಳಿಕೆ 50%. ಗುಣಕ 0.6ರಿಂದ 1.8ರ ಆಚೆ ಹೋದರೆ ಆ ದಿನದ ಅಳತೆಯನ್ನು ಬಿಟ್ಟುಬಿಡಿ. ಬ್ಯಾಕ್ಟೀರಿಯಾ ಸರಿಯಿದೆಯೇ ಎಂದು ನೋಡಲು 2% ಉಪ್ಪುನೀರಿನಲ್ಲಿ ಲೀಟರಿಗೆ 19.34 ಮಿ.ಗ್ರಾಂ ಹೆಪ್ಟಾಹೈಡ್ರೇಟ್ ಸತುವಿನ ಸಲ್ಫೇಟ್ ಕರಗಿಸಿ ಬಳಸಿ. 30 ನಿಮಿಷಕ್ಕೆ ಇಳಿಕೆ 20ರಿಂದ 80% ನಡುವೆ ಬರಬೇಕು.

ಅಡಿಕೆ ಬೇಯಿಸಿದ ಚೊಗರು ಕಲೆತ ನೀರಂತೂ ದೊಡ್ಡ ಮೋಸ. ಆ ಕೆಂಪು-ಕಂದು ಬಣ್ಣ ಬ್ಯಾಕ್ಟೀರಿಯಾ ಸೂಸುವ 490 ನ್ಯಾನೋಮೀಟರಿನ ಬೆಳಕನ್ನೇ ನುಂಗುತ್ತದೆ. ಬ್ಯಾಕ್ಟೀರಿಯಾ ಗಟ್ಟಿಯಾಗಿದ್ದರೂ ಯಂತ್ರ ಕತ್ತಲು ತೋರಿಸುತ್ತದೆ. ಎರಡು ಕೋಣೆಯ ಕುವೆಟ್‌ನಲ್ಲಿ (ಅಳತೆಯ ಪುಟ್ಟ ಪಾರದರ್ಶಕ ಪಾತ್ರೆ) ಬಣ್ಣದ ನೀರನ್ನು ಬ್ಯಾಕ್ಟೀರಿಯಾಕ್ಕೆ ತಾಗಿಸದೆ ಸುತ್ತ ತುಂಬಿ, ಬಣ್ಣವೊಂದೇ ಎಷ್ಟು ನುಂಗಿತು ಎಂದು ನೋಡಿ ಕಳೆಯಿರಿ. ಅದಿಲ್ಲದಿದ್ದರೆ ತಿಳಿಯಾಗುವವರೆಗೆ ತೆಳುಮಾಡಿ. ನಲ್ಲಿ ನೀರಿನಿಂದ ಮಾತ್ರ ಬೇಡ, ಕ್ಲೋರಿನ್ ಈ ಜೀವಿಯನ್ನು ಕೊಲ್ಲುತ್ತದೆ.

ಬೋರ್ಡೋದ ನೀಲಿ ಕಣಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಇಳಿಸಿ. ಪಿಎಚ್ 6ರಿಂದ 8.5ರೊಳಗಿದ್ದರೆ ಮುಟ್ಟಬೇಡಿ: ಆಮ್ಲ ಹಾಕಿದರೆ ಸುಣ್ಣದ ಜೊತೆ ಕೂತ ತಾಮ್ರ ಕರಗಿ, ಕಾಲುವೆಯಲ್ಲಿಲ್ಲದ ವಿಷ ಟ್ಯೂಬಿನಲ್ಲಿ ಹುಟ್ಟುತ್ತದೆ. ತಾಮ್ರದ ಬಿಂದಿಗೆಯಲ್ಲಿ ಮಾದರಿ ತರುವುದೂ ಅಷ್ಟೇ ತಪ್ಪು.

ಗಿಡದ ದ್ಯುತಿಸಂಶ್ಲೇಷಣೆ ತಡೆಯುವ ಕಳೆನಾಶಕಗಳು ಇದರಲ್ಲಿ ಸಿಕ್ಕಿಬೀಳುವುದು ಕಡಿಮೆ. ಅವುಗಳ ಅನುಮಾನವಿದ್ದರೆ ಅದೇ ನೀರಿಗೆ ಪಾಚಿಯ ಪರೀಕ್ಷೆಯನ್ನೂ ಮಾಡಿ.