ವಿಡಿಯೋ ಹಾಕಿದ್ರೆ ಏನಾದ್ರೂ ಆಗುತ್ತಾ?

ಕಾರ್ಮಿಕ ಸಂಘಗಳಿಗೆ, ಮಹಿಳಾ ಗುಂಪುಗಳಿಗೆ, ಬಡಾವಣೆಯ ಹೋರಾಟಗಳಿಗೆ ವಿಡಿಯೋ, ಪೋಸ್ಟರ್ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಿ ನೆಂಟರು ಕೇಳುತ್ತಾರೆ. ಕಾಲೇಜಿಗೆ ಮಾತಾಡೋಕೆ ಹೋದರೆ ಹುಡುಗರು ಕೇಳುತ್ತಾರೆ. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರೇ ಕೇಳುತ್ತಾರೆ: "ಇದನ್ನೆಲ್ಲ ವಿಡಿಯೋ ಮಾಡಿ ಹಾಕಿದ್ರೆ ಏನಾದ್ರೂ ಆಗುತ್ತಾ ಮೇಡಂ?"

ಆಗುತ್ತೆ. ಆದರೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ನನಗೆ ಅಷ್ಟು ಮುಖ್ಯ ಅಲ್ಲ. ಅದು ಯಾರ ಮೇಜಿನ ಮುಂದೆ ಹೋಯಿತು, ಅಲ್ಲಿ ಏನು ಕೇಳಿತು ಅಂತ ನಾನು ನೋಡುತ್ತೇನೆ. ಅಯ್ಯೋ ಪಾಪ ಅನ್ನಿಸುವ ಕತೆ ಬೇರೆ, ನಮಗೆ ಬರಬೇಕಾದ್ದು ಕೊಡಿ ಅಂತ ಕೇಳುವ ಕತೆ ಬೇರೆ.

ಈ ಮಾತು ಬಂದ ಕೂಡಲೇ ಬೆಂಗಳೂರಿನವರು ಸ್ಟೀಲ್ ಫ್ಲೈಓವರ್ ವಿಷಯ ಎತ್ತುತ್ತಾರೆ. 2016ರಲ್ಲಿ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ ಉಕ್ಕಿನ ಫ್ಲೈಓವರ್ ಕಟ್ಟಲು ಸರ್ಕಾರ ಹೊರಟಿತ್ತು. ಖರ್ಚು ಸುಮಾರು 1,791 ಕೋಟಿ ರೂಪಾಯಿ. 812 ಮರಗಳು ಹೋಗುತ್ತಿದ್ದವು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ದಾರಿಯಲ್ಲಿ ಕೈ ಕೈ ಹಿಡಿದು ನಿಂತರು. 'ಸ್ಟೀಲ್ ಫ್ಲೈಓವರ್ ಬೇಡ' ಅನ್ನುವ ಹ್ಯಾಶ್‌ಟ್ಯಾಗ್ ಎಲ್ಲ ಕಡೆ ಓಡಾಡಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

"ನೋಡಿ, ಹ್ಯಾಶ್‌ಟ್ಯಾಗ್ ಗೆದ್ದಿತು" ಅಂತಾರೆ. ಅಷ್ಟು ಸುಲಭದಲ್ಲಿ ಗೆದ್ದಿದ್ದಲ್ಲ. ಹಸಿರು ನ್ಯಾಯಮಂಡಳಿಗೆ ಅರ್ಜಿ ಹೋಗಿತ್ತು, ತಡೆಯಾಜ್ಞೆ ಸಿಕ್ಕಿತ್ತು. ಕೇಳಿದ್ದು ಒಂದೇ ಮಾತು: ಬೇಡ. ಅದನ್ನು ಯಾರನ್ನು ಕೇಳಬೇಕು ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಅಲ್ಲಿ ನಿಂತವರಲ್ಲಿ ಬಹಳ ಜನಕ್ಕೆ ಭಾನುವಾರ ರಜೆ ಇತ್ತು, ಇಂಗ್ಲಿಷ್ ಬರುತ್ತಿತ್ತು, ಪತ್ರಿಕೆಯವರ ಪರಿಚಯ ಇತ್ತು. ಬೆಳಗಾಗುವ ಹೊತ್ತಿಗೆ ಪೊರಕೆ ಹಿಡಿದು ಹಾಜರಿ ಕೊಡಬೇಕಾದವರಿಗೆ ಇದರಲ್ಲಿ ಯಾವುದೂ ಇರುವುದಿಲ್ಲ. ಅವರ ಕತೆ ಹೇಳುವ ಕೆಲಸ ಇಲ್ಲಿಂದಲೇ ಕಷ್ಟ ಆಗುತ್ತೆ.

ಪೌರಕಾರ್ಮಿಕರನ್ನೇ ತಗೊಳ್ಳಿ. ಕೊರೊನಾ ಸಮಯದಲ್ಲಿ ಅವರ ಮೇಲೆ ಹೂ ಸುರಿದರು, ಹಾರ ಹಾಕಿದರು, ಶಾಲು ಹೊದಿಸಿದರು. ಆ ವಿಡಿಯೋಗಳು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಬಂದವು. ಹಾಕಿದವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ನಾನು ನೋಡಿದ ಯಾವ ವಿಡಿಯೋದಲ್ಲೂ ಆ ಹೆಂಗಸರು ಮಾತಾಡಲಿಲ್ಲ. ಕೈ ಮುಗಿದು ನಿಂತಿದ್ದರು, ಅಷ್ಟೇ. ಮೈಕ್ ಕೊಟ್ಟಿದ್ದರೆ ಏನು ಹೇಳುತ್ತಿದ್ದರು ಅಂತ ಸಂಘದ ಒಂದು ಸಭೆಗೆ ಹೋದವರಿಗೂ ಗೊತ್ತು. ಖಾಯಂ ಮಾಡಿ ಅನ್ನುತ್ತಿದ್ದರು. ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದವರು ಅವರು. 2018ರಿಂದ ಗುತ್ತಿಗೆದಾರರನ್ನು ಬಿಟ್ಟು ಬಿಬಿಎಂಪಿಯೇ ನೇರವಾಗಿ ಸಂಬಳ ಕೊಡಲು ಶುರು ಮಾಡಿತ್ತು. ಆದರೂ ಕೆಲಸ ಖಾಯಂ ಆಗಿರಲಿಲ್ಲ.

2022ರ ಜುಲೈ ಮೊದಲ ವಾರ ಅವರು ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕೂತರು. ನಾಲ್ಕು ದಿನ. ಮಳೆಗಾಲ ಬೇರೆ. ಸುದ್ದಿಯಲ್ಲಿ ಬಂದ ಫೋಟೋಗಳಲ್ಲಿ ಕಸದ ರಾಶಿಯೇ ಜಾಸ್ತಿ. 'ನಗರ ಗಬ್ಬು ನಾರುತ್ತಿದೆ, ಜನರಿಗೆ ತೊಂದರೆ' ಅನ್ನುವ ಧಾಟಿ. ಆ ಕಸವನ್ನು ದಿನಾ ಎತ್ತುವವರು ಆ ಜನರ ಲೆಕ್ಕದಲ್ಲಿ ಇರಲಿಲ್ಲ. ಅದು ನನಗೆ ತುಂಬಾ ನೋವು ಕೊಟ್ಟಿತು.

ಅಲ್ಲಿ ನಾನು ಕ್ಯಾಮೆರಾ ಹಿಡಿದು ಒಬ್ಬರ ಪಕ್ಕ ಕೂತಿದ್ದೆ. ಟಿವಿಯ ಹುಡುಗನೊಬ್ಬ ಬಂದು "ನಿಮ್ಮ ಕಷ್ಟ ಹೇಳಮ್ಮ, ಮನೇಲಿ ಊಟಕ್ಕೆ ಏನ್ಮಾಡ್ತೀರ?" ಅಂತ ಮೈಕ್ ಹಿಡಿದ. ಅವರು ಸುಮ್ನೆ ತಲೆ ಅಲ್ಲಾಡಿಸಿ ಅವನನ್ನು ಮುಂದಕ್ಕೆ ಕಳಿಸಿದರು. ಆಮೇಲೆ ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಬ್ಯಾಂಕ್ ಪಾಸ್‌ಬುಕ್ಕು, ಇಎಸ್‌ಐ ಕಾರ್ಡು, ಮಡಿಕೆಯಲ್ಲೇ ಹರಿದುಹೋಗಿದ್ದ ಪಿಎಫ್ ಚೀಟಿ. "ನನ್ ಮುಖ ಬೇಡ ಕಣಕ್ಕ, ಮಗಳ ಕಾಲೇಜ್ ಗ್ರೂಪಿಗೆ ಬಂದ್ರೆ ಅವಳಿಗೆ ಕಷ್ಟ. ಇದನ್ನ ತೆಗಿ" ಅಂದರು. ಪಾಸ್‌ಬುಕ್ಕಿನ ಒಂದೊಂದೇ ಪುಟ ತಿರುಗಿಸಿ, ಗುತ್ತಿಗೆ ಕಾಲದಲ್ಲಿ ಯಾವ ತಿಂಗಳು ಸಂಬಳ ಬಂದಿರಲಿಲ್ಲ ಅಂತ ಬೆರಳಿಟ್ಟು ತೋರಿಸಿದರು. ಓದು ಬರದವರು ಅವರು. ಆದರೆ ಯಾವ ಪುಟದಲ್ಲಿ ಯಾವ ಹಬ್ಬದ ತಿಂಗಳು ಇದೆ ಅಂತ ಬಾಯಿಪಾಠ. "ಇದು ದೀಪಾವಳಿ. ಬಂದಿಲ್ಲ. ಇದು ಮಗಳ ಫೀಸು ಕಟ್ಟೋ ತಿಂಗಳು. ಅರ್ಧ ಬಂತು."

ಆ ವಿಡಿಯೋದಲ್ಲಿ ಕೈ, ಪುಟ, ದನಿ ಬಿಟ್ಟರೆ ಬೇರೇನೂ ಇಲ್ಲ. ಖಾತೆ ನಂಬರು, ಹೆಸರು ಕಾಣದ ಹಾಗೆ ಮಾಡಿದೆವು. ಸಂಘದವರು ಅದನ್ನು ಮನವಿ ಪತ್ರದ ಜೊತೆ ತಗೊಂಡು ಹೋದರು. ನಾನು ಮಾಡಿದ್ದರಲ್ಲಿ ನನಗೆ ಇವತ್ತಿಗೂ ಹೆಮ್ಮೆ ಇರುವುದು ಅದರ ಬಗ್ಗೆ. ಯಾಕೆಂದರೆ ಏನು ತೋರಿಸಬೇಕು ಅಂತ ತೀರ್ಮಾನ ಮಾಡಿದ್ದು ಅವರು.

ಸರ್ಕಾರ ಖಾಯಂ ಮಾಡುವ ಭರವಸೆ ಕೊಟ್ಟ ಮೇಲೆ ಮುಷ್ಕರ ನಿಂತಿತು. 2025ರ ಮೇ 1ರಂದು, ಕಾರ್ಮಿಕರ ದಿನ, 12,692 ಪೌರಕಾರ್ಮಿಕರಿಗೆ ಖಾಯಂ ನೇಮಕದ ಆದೇಶ ಪತ್ರ ಸಿಕ್ಕಿತು. ವಿಡಿಯೋಗಳಿಂದ ಸಿಕ್ಕಿತಾ? ಇಲ್ಲ. ಕೆಲಸ ನಿಲ್ಲಿಸಿ ಕೂತಿದ್ದರಿಂದ, ಸಂಘ ವರ್ಷಗಟ್ಟಲೆ ಕಚೇರಿ ಅಲೆದಿದ್ದರಿಂದ ಸಿಕ್ಕಿತು. ಮನೆ ಮುಂದೆ ಕಸ ಬಿದ್ದಿದೆ ಅಂತ ಸಿಟ್ಟಾಗಿದ್ದವರಿಗೆ ಯಾಕೆ ಬಿದ್ದಿದೆ ಅಂತ ತಿಳಿಸಿದ್ದು ಕತೆಗಳು. ಆ ನಾಲ್ಕು ದಿನ ಜನ ತಮ್ಮ ಮೇಲೆ ತಿರುಗಿ ಬೀಳದೆ ಇರುವುದು ಮುಷ್ಕರ ಕೂತವರಿಗೆ ಸಣ್ಣ ವಿಷಯ ಅಲ್ಲ.

ಕತೆ ಹೇಳುವವರು ಯಾರೂ ಇಲ್ಲದೆ ಗೆದ್ದಿದ್ದೂ ಇದೆ. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗೆ ಬಂದರು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ಆಗುವವರೆಗೂ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಸಂಘ ಕರೆ ಕೊಟ್ಟಿರಲಿಲ್ಲ, ಮುಂದಾಳು ಇರಲಿಲ್ಲ, ಪೋಸ್ಟರ್ ಇರಲಿಲ್ಲ. ಬಾಯಿಂದ ಬಾಯಿಗೆ ಹೋದ ಸುದ್ದಿ. ಹೊಸೂರು ರಸ್ತೆ ನಿಂತುಹೋಯಿತು. ಎರಡನೇ ದಿನ, ಏಪ್ರಿಲ್ 19ಕ್ಕೆ, ಕೇಂದ್ರ ಆ ನಿಯಮವನ್ನೇ ವಾಪಸ್ ತಗೊಂಡಿತು. ಇಡೀ ದೇಶದ ಕಾರ್ಮಿಕರಿಗೆ ಅದರಿಂದ ಉಪಕಾರ ಆಯಿತು. ಆದರೆ ನಮ್ಮ ಊರಿನಲ್ಲಿ ಆ ಎರಡು ದಿನ ಜನರ ನೆನಪಿನಲ್ಲಿ ಉಳಿದಿದ್ದು ಟ್ರಾಫಿಕ್ ಜಾಮ್, ಕಲ್ಲು ತೂರಾಟ, ಸುಟ್ಟ ಬಸ್ಸು. ಆ ದುಡ್ಡು ಅವರಿಗೆ ಏನು ಅಂತ ಎಷ್ಟು ಜನಕ್ಕೆ ಗೊತ್ತು? ಫ್ಯಾಕ್ಟರಿ ಬಿಟ್ಟಾಗ ಕೈಗೆ ಸಿಗುವ ಇಡಿಗಂಟು ಅದೊಂದೇ. ಸಾಲ ತೀರಿಸೋದು, ತಂಗಿ ಮದುವೆ, ಊರಲ್ಲಿ ಒಂದು ಶೀಟಿನ ಮನೆ, ಎಲ್ಲ ಅದರಲ್ಲೇ. ಹೊಲಿಗೆ ಮೆಷಿನ್ ಮುಂದೆ 58 ವರ್ಷದವರೆಗೆ ಯಾರು ಕೂತಿರೋಕೆ ಆಗುತ್ತೆ? ಗೆದ್ದ ಹೋರಾಟದ ಕತೆಯನ್ನೂ ಸರಿಯಾಗಿ ಹೇಳಬೇಕು. ಇಲ್ಲದಿದ್ದರೆ ಗೆದ್ದವರೇ ಗಲಾಟೆ ಮಾಡಿದವರಾಗಿ ಉಳಿಯುತ್ತಾರೆ.

ಕಾಲೇಜಿನವರಿಗೆ ನಾನು ಯಾವಾಗಲೂ ಹೇಳುವ ಉದಾಹರಣೆ ಕೆಜಿಎಫ್‌ನದು. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡುತ್ತಾ ಬಂದ ಬೆಜವಾಡ ವಿಲ್ಸನ್ ಹುಟ್ಟಿದ್ದು ಅಲ್ಲಿ, ಮಲ ಎತ್ತುವ ಕೆಲಸಕ್ಕೆ ತಳ್ಳಲ್ಪಟ್ಟ ಕುಟುಂಬದಲ್ಲಿ. 1993ರಲ್ಲಿ ಒಣ ಪಾಯಿಖಾನೆಗಳನ್ನು, ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂತು. ಗಣಿ ಕಾಲೊನಿಗಳಲ್ಲಿ ಆಗಲೂ ಅದು ನಡೆಯುತ್ತಿತ್ತು. ಅವರು ಕಾಗದಗಳನ್ನು ಬರೆದರು, ಫೋಟೋ ತೆಗೆದು ಡೆಕ್ಕನ್ ಹೆರಾಲ್ಡ್ ಪತ್ರಿಕೆಗೆ ಕಳಿಸಿದರು. ಅಚ್ಚಾದ ಮೇಲೆ ಆಡಳಿತದವರಿಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಪಾಯಿಖಾನೆಗಳನ್ನು ಬದಲಾಯಿಸಬೇಕಾಯಿತು, ಆ ಕೆಲಸ ಮಾಡುತ್ತಿದ್ದವರಿಗೆ ಬೇರೆ ಕೆಲಸ ಕೊಡಬೇಕಾಯಿತು. ಫೋಟೋ ಬೆನ್ನಿಗೆ ಒಂದು ಕಾಯ್ದೆ ಇತ್ತು ನೋಡಿ, ಅದಕ್ಕೇ ಅಷ್ಟು ಬಲ. ಆ ಕಾಯ್ದೆ ಇಲ್ಲದಿದ್ದರೆ ಓದಿದವರು ಮರುಗಿ ಪುಟ ತಿರುಗಿಸುತ್ತಿದ್ದರೋ ಏನೋ.

ಹಾಗಾಗಿ ಯಾರಾದರೂ ವಿಡಿಯೋ ಮಾಡಿಕೊಡಿ ಅಂತ ಬಂದರೆ, ನಾನು ಮೊದಲು ಮನವಿ ಪತ್ರ ಎಲ್ಲಿ ಅಂತ ಕೇಳುತ್ತೇನೆ. ಯಾವ ಅಧಿಕಾರಿಗೆ, ಯಾವ ನಿಯಮದ ಕೆಳಗೆ, ಏನು ಕೇಳಿದ್ದೀರಿ? ಅದು ಒಂದು ಸಾಲಿನಲ್ಲಿ ಬರದಿದ್ದರೆ ಕ್ಯಾಮೆರಾ ಚೀಲದಲ್ಲೇ ಇರಲಿ, ಮೊದಲು ಕೂತು ಮಾತಾಡೋಣ ಅನ್ನುತ್ತೇನೆ. ಕೆಲವರಿಗೆ ಬೇಸರ ಆಗುತ್ತೆ. ಆಗಲಿ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ. ಯಾವುದೋ ಊರಿನಲ್ಲಿ ಹೆಣ್ಣುಮಗಳ ಮೇಲೆ ಅತ್ಯಾಚಾರ ಆದರೆ, ಸಂಜೆಯೊಳಗೆ ಅವಳ ಫೋಟೋ, ಹೆಸರು ಹಾಕಿ 'ನ್ಯಾಯ ಬೇಕು' ಅನ್ನುವ ಪೋಸ್ಟರ್ ತಯಾರಾಗಿರುತ್ತೆ. ಅದು ಅಪರಾಧ. ಹಿಂದೆ ಐಪಿಸಿ 228ಎ ಇತ್ತು, ಈಗ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 72ನೇ ಸೆಕ್ಷನ್. ಎರಡು ವರ್ಷದವರೆಗೆ ಜೈಲು. ಅವಳು ತೀರಿಹೋಗಿದ್ದರೂ ಹೆಸರು ಹಾಕುವ ಹಾಗಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಪಕ್ಕಕ್ಕಿಡಿ. ಆ ಮನೆಯವರು ನಾಳೆ ಅಂಗಡಿಗೆ ಹೋಗಬೇಕು, ಅವಳ ತಮ್ಮ ಶಾಲೆಗೆ ಹೋಗಬೇಕು. ನಾವು ಸಿಟ್ಟಿನಲ್ಲಿ ಹಂಚಿದ ಫೋಟೋ ಅವರ ಜೊತೆ ಅಂಗಡಿಗೂ ಬರುತ್ತೆ, ಶಾಲೆಗೂ ಬರುತ್ತೆ. ದಯವಿಟ್ಟು ಹಂಚಬೇಡಿ. ಯಾರಾದರೂ ಕಳಿಸಿದರೆ ಅಳಿಸಿ, ಕಳಿಸಿದವರಿಗೂ ಹೇಳಿ.

"ಸರಿ, ನಮ್ಮ ಹತ್ತಿರ ಫೋನು ಇದೆ, ಮನಸ್ಸೂ ಇದೆ, ಎಲ್ಲಿಂದ ಶುರು ಮಾಡೋಣ?" ಅಂತ ಕೇಳುವವರಿಗೆ ನನ್ನ ಹತ್ತಿರ ಒಂದು ಕೆಲಸ ಇದೆ. 2022ರ ಮುಷ್ಕರದಲ್ಲಿ ಕಸದ ಆಟೋ ಓಡಿಸುವವರು, ಅವರ ಸಹಾಯಕರು, ಲೋಡರ್‌ಗಳು, ಒಳಚರಂಡಿ ಕಾರ್ಮಿಕರು ಕೂಡ ಖಾಯಂ ಮಾಡಿ ಅಂತ ಕೇಳಿದ್ದರು. ನಾಳೆ ಬೆಳಗ್ಗೆ ನಿಮ್ಮ ಬೀದಿಗೆ ಆಟೋ ಬರುತ್ತೆ. ಆ ಅಣ್ಣನ ಹೆಸರು ಕೇಳಿ. ಸಂಬಳ ಯಾರು ಕೊಡುತ್ತಾರೆ, ಪಿಎಫ್ ಕಟ್ಟುತ್ತಾರಾ, ವಾರಕ್ಕೊಂದು ರಜೆ ಇದೆಯಾ ಕೇಳಿ. ಬೆಳಗ್ಗೆ ಅವರಿಗೆ ನಿಲ್ಲೋಕೆ ಪುರುಸೊತ್ತು ಇರುವುದಿಲ್ಲ, ಯಾವಾಗ ಸಿಗುತ್ತಾರೆ ಅಂತ ಕೇಳಿಕೊಂಡು ಆಗ ಹೋಗಿ. ಫೋನನ್ನು ಮಾತ್ರ ಅವರು ತೆಗಿ ಅನ್ನುವವರೆಗೂ ಜೇಬಿನಲ್ಲೇ ಇಟ್ಟುಕೊಂಡಿರಿ.