ಎರಡು ತಿಂಗಳು ತಲೆ ತಿಂದ ನಿಕಲ್

ಮನೆಯಲ್ಲಿ ಕಟ್ಟುತ್ತಿರುವ ಡಿಎನ್‌ಎ ಸೆನ್ಸರ್ ಯಾಕೆ ಕೈಕೊಡುತ್ತಿತ್ತು ಅನ್ನುವುದು ಅಂತೂ ಸಿಕ್ಕಿಬಿತ್ತು! ತಪ್ಪು ಡಿಎನ್‌ಎದ್ದೂ ಅಲ್ಲ, ಅದನ್ನು ಮುಳುಗಿಸಿಟ್ಟ ದ್ರಾವಣದ್ದೂ (ಬಫರ್) ಅಲ್ಲ. ಕಳ್ಳ ಚಿನ್ನದ ಅಡಿಯಲ್ಲೇ ಕೂತಿದ್ದ.

ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆಯುವ ಪೊಟೆನ್ಶಿಯೊಸ್ಟ್ಯಾಟ್ ಕಟ್ಟಿದ ಕತೆ ಬಿಡಿ, ಹಾಗೆ ಒಂದು ಸಲ ಓಡಿಸಿದರೆ ಅದೇ ಒಂದು ಸ್ಕ್ಯಾನ್. ನಾನು ಹಿಡಿದಿದ್ದು ಎಟಿಪಿ, ಅಂದರೆ ಜೀವಕೋಶಗಳ ಶಕ್ತಿಯ ಅಣು, ಅದನ್ನು ಪತ್ತೆಹಚ್ಚುವ ಸೆನ್ಸರ್. 1995ರಲ್ಲಿ ಹ್ಯೂಜೆಂಗಾ ಮತ್ತು ಶೋಸ್ಟಾಕ್ ಹುಡುಕಿಕೊಟ್ಟ 27 ಬೇಸ್‌ಗಳ ಆಪ್ಟಮರ್ (ಎಟಿಪಿಯನ್ನು ಗುರುತಿಸಿ ಹಿಡಿಯುವ ಡಿಎನ್‌ಎ ಎಳೆ), ಒಂದು ತುದಿಗೆ ಎಲೆಕ್ಟ್ರೋಡಿನ ಚಿನ್ನಕ್ಕೆ ಅಂಟುವ ಗಂಧಕದ ಗುಂಪು ಥಯೋಲ್, ಇನ್ನೊಂದಕ್ಕೆ ಸಿಗ್ನಲ್ ಕೊಡುವ ನೀಲಿ ಬಣ್ಣ ಮೆಥಿಲೀನ್ ಬ್ಲೂ. ಎಟಿಪಿ ಬಂದು ಕೂತರೆ ಡಿಎನ್‌ಎ ಮಡಚಿಕೊಳ್ಳುತ್ತದೆ, ನೀಲಿ ತುದಿ ಚಿನ್ನಕ್ಕೆ ಹತ್ತಿರವಾಗುತ್ತದೆ, ಕರೆಂಟ್ ಏರುತ್ತದೆ. ಹೇಳುವುದಕ್ಕೆ ಇಷ್ಟೇ.

ಮೊದಲ ಸ್ಕ್ಯಾನ್‌ನಲ್ಲಿ ಮೈನಸ್ 0.3 ವೋಲ್ಟ್ ಹತ್ತಿರ ಆ ನೀಲಿಯ ಚೆಂದದ ಪೀಕ್. ಕುಣಿದಾಡಿದೆ. ಹತ್ತನೇ ಸ್ಕ್ಯಾನ್‌ಗೆ ಅದು ಅರ್ಧಕ್ಕಿಳಿದು, ಪೀಕಿನ ತಳದ ಗೆರೆ (ಬೇಸ್‌ಲೈನ್) ಮಾತ್ರ ಚಾರ್ಮಾಡಿ ಘಾಟಿಯ ಹಾಗೆ ಏರುತ್ತಾ ಹೋಯಿತು. ಡಿಎನ್‌ಎ ಕಳಚಿಕೊಳ್ಳುತ್ತಿದೆ ಅಂದುಕೊಂಡು, ಚಿನ್ನದ ಖಾಲಿ ಜಾಗ ತುಂಬುವ ಮರ್ಕ್ಯಾಪ್ಟೊಹೆಕ್ಸನಾಲ್‌ನಲ್ಲಿ ಒಂದು ಗಂಟೆ ಇಟ್ಟೆ, ರಾತ್ರಿಯಿಡೀ ಇಟ್ಟೆ. ಆದ ಲಾಭ ಒಂದೇ, ಅಮ್ಮ ಬಂದು ಸಿಲಿಂಡರ್ ಲೀಕ್ ಆಗ್ತಿದೆಯೇನೋ ಅಂತ ರೆಗ್ಯುಲೇಟರ್ ಆಫ್ ಮಾಡಿದರು. ಅವರದ್ದೂ ತಪ್ಪಲ್ಲ, ಗ್ಯಾಸಿಗೆ ವಾಸನೆ ಬರಲಿ ಅಂತ ಬೆರೆಸುವುದೂ ಇದೇ ಜಾತಿಯ ಮರ್ಕ್ಯಾಪ್ಟನ್ ಅಲ್ವಾ.

ಆಮೇಲೆ ಸುಮ್ನೆ ಒಂದು ಸಲ ಡಿಎನ್‌ಎ ಹಾಕದೆ, ಬರೀ ಎಲೆಕ್ಟ್ರೋಡ್ ಮೇಲೆ ಸ್ಕ್ಯಾನ್ ಓಡಿಸಿದೆ. ಅದೇ ಘಾಟಿ! ಇದನ್ನು ಮೊದಲ ದಿನವೇ ಮಾಡಬೇಕಿತ್ತು, ಬೈಯಬೇಡಿ.

ನನ್ನ ಎಲೆಕ್ಟ್ರೋಡ್ ಅಂದರೆ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮೇಲಿನ ಚಿನ್ನದ ಪ್ಯಾಡ್. ಆರ್ಡರ್‌ನಲ್ಲಿ ಹಾರ್ಡ್ ಗೋಲ್ಡ್, ಅಂದರೆ ದಪ್ಪ ಚಿನ್ನದ ಲೇಪ, ಅಂತ ಬರೆದಿದ್ದೆ, ಬಂದಿದ್ದು ಎನಿಗ್ (ENIG) ಅನ್ನುವ ತೆಳು ಲೇಪ. ಫೋನ್ ಮಾಡಿದರೆ "ಗೋಲ್ಡ್ ಅಂದ್ರೆ ಗೋಲ್ಡೇ ಸಾರ್" ಅಂದರು. ಎನಿಗ್‌ನಲ್ಲಿ ಚಿನ್ನ ಸುಮಾರು 0.05 ಮೈಕ್ರಾನ್, ಅದರಡಿ ನಿಕಲ್ 3ರಿಂದ 6 ಮೈಕ್ರಾನ್. ಅಷ್ಟು ತೆಳು ಪದರದಲ್ಲಿ ಸಣ್ಣ ಸಣ್ಣ ತೂತುಗಳು ಇದ್ದೇ ಇರುತ್ತವೆ. ನಾನೋ ಕ್ಲೀನ್ ಆಗಲಿ ಅಂತ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ವೋಲ್ಟೇಜ್ ಏರಿಸಿ ಇಳಿಸಿ ಆ ತೂತುಗಳನ್ನೇ ದೊಡ್ಡದು ಮಾಡುತ್ತಿದ್ದೆ. ನಿಕಲ್ ಸಿಕ್ಕರೆ ಗುಲಾಬಿಯಾಗುವ, ಕಾಲೇಜಿನ ಡೈಮಿಥೈಲ್‌ಗ್ಲೈಆಕ್ಸಿಮ್ ನೆನಪಾಯಿತು. ಹತ್ತಿಯ ಕಡ್ಡಿಗೆ ಅದನ್ನೂ ಎರಡು ಹನಿ ಅಮೋನಿಯಾವನ್ನೂ ಹಾಕಿ, ಆಸಿಡ್ ಕಂಡ ಪ್ಯಾಡನ್ನು ಉಜ್ಜಿದೆ. ಹತ್ತಿ ನಿಧಾನಕ್ಕೆ ಗುಲಾಬಿಯಾಯಿತು, ಕಣಗಿಲೆ ಹೂವಿನಷ್ಟು. ನಿಕಲ್! ಬೇಸ್‌ಲೈನ್ ಏರಿಸುತ್ತಿದ್ದ ಕಳ್ಳ ಇದೇ.

ಮರುದಿನವೇ ಅಕ್ಕಸಾಲಿ ಅಂಗಡಿಗೆ ಹೋಗಿ ಅರ್ಧ ಮಿಲಿಮೀಟರ್ ಅಪರಂಜಿ ತಂತಿ ಕೇಳಿದೆ. "ಯಾರಿಗೆ ಮೂಗುತಿ?" ಅಂದರು. ಸೆನ್ಸರ್‌ಗೆ ಅಂದೆ. ನಗಲಿಲ್ಲ, ತೂಕ ಮಾಡಿ ಕೊಟ್ಟರು. ಎಪಾಕ್ಸಿಯಲ್ಲಿ ಮುಚ್ಚಿ ತುದಿಯ 4 ಮಿಲಿಮೀಟರ್ ಮಾತ್ರ ಬಿಟ್ಟೆ. ನಲವತ್ತು ಸ್ಕ್ಯಾನ್ ಆದರೂ ಪೀಕ್ ಹೆಚ್ಚುಕಮ್ಮಿ ಅಲ್ಲೇ ಇದೆ. 1 ಮಿಲಿಮೋಲಾರ್ ಎಟಿಪಿ ಹಾಕಿದ ಮೇಲೆ ಕರೆಂಟ್ ಮೂರನೇ ಒಂದು ಭಾಗ ಏರಿತು, ಎಟಿಪಿಯ ನೆಂಟನಾದ ಜಿಟಿಪಿಗೆ ಅಲ್ಲಾಡಲಿಲ್ಲ.

ಈಗ ತಲೆಯಲ್ಲಿ ಸೀಸ ಹೊಕ್ಕಿದೆ. 8-17 ಅಂತ ಒಂದು ಡಿಎನ್‌ಎಝೈಮ್ (ಕಿಣ್ವದ ಹಾಗೆ ಕೆಲಸ ಮಾಡುವ ಡಿಎನ್‌ಎ) ಇದೆಯಲ್ಲ, ಸೀಸ ಸಿಕ್ಕರೆ ಎದುರಿನ ಎಳೆಯನ್ನು ಕತ್ತರಿಸಿಹಾಕುತ್ತದೆ, ಅದನ್ನೇ ತಂತಿಗೆ ಕಟ್ಟಿ ನಮ್ಮ ಹಳೇ ಹಿತ್ತಾಳೆ ನಲ್ಲಿಯ ನೀರು ನೋಡಬೇಕು. ಆದರೆ ಡಿಎನ್‌ಎ ಮಾರುವವರು ಥಯೋಲ್ ಜೊತೆ ಮೆಥಿಲೀನ್ ಬ್ಲೂ ಕೇಳಿದರೆ ಕೊಟೇಶನ್ ಕಳಿಸಲಿಕ್ಕೇ ಎರಡು ವಾರ ತೆಗೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಉಳಿದ ಎನಿಗ್ ಬೋರ್ಡ್‌ಗಳನ್ನು ಯಾರಿಗಾದರೂ ಪುಕ್ಕಟೆ ಕೊಡುತ್ತೇನೆ, ಎಲ್‌ಇಡಿ ಅಂಟಿಸಿಕೊಳ್ಳಲಿಕ್ಕೆ ಚೆನ್ನಾಗಿವೆ.